ಅಪ್ಪಿ ತಾನೇ ಉಂಡಳು

"ಎರಡು ವರ್ಷ ಆತ್ರಿ ಟೀಚರ್. ನಮ್ಮ ಅಪ್ಪಿಗೆ ಇನ್ನೂ ತನ್ನ ಕೈಲೆ ಉಣ್ಣಾಕ ಬರಂಗಿಲ್ಲ. ದಿನಾ ನೀವು ಕಲಿಸೋದರ ಏನು?"

ಧನಕವಡಿಯ ವಿಶೇಷ ಮಕ್ಕಳ ಶಾಲೆಯಲ್ಲಿ ಪಾಲಕರ ಸಭೆ. ಕೇಳಿದವರು ಮುರುಗೆಪ್ಪ. ಎಸ್‌ಟಿಡಿ ಬೂತಿನ ಪಕ್ಕ ಕಿರಾಣಿ ಅಂಗಡಿ ಅವರದು. ಗಿರಾಕಿಗೆ ಸಕ್ಕರೆ ಕಟ್ಟಿಕೊಡುವ ಮನುಷ್ಯ, ಮಾತು ಮಾತ್ರ ಬರೀ ಖಾರ! ಮಗಳು ಅಪ್ಪಿಗೆ ಒಂಬತ್ತು ವರ್ಷ, ಬುದ್ಧಿಯ ಬೆಳವಣಿಗೆ ನಿಧಾನ.

ರೊಟ್ಟಿ ಮುರಿಯುವುದು, ಪಲ್ಯಕ್ಕೆ ಹಚ್ಚುವುದು, ಬಾಯಿಗೆ ಒಯ್ಯುವುದು, ಒಂದೊಂದನ್ನೂ ವಾರಗಟ್ಟಲೆ ಕೈ ಹಿಡಿದು ಕಲಿಸಿದವಳು ಮಾಧುರಿ ಟೀಚರ್. ಶಾಲೆಯಲ್ಲಿ ಅಪ್ಪಿ ತಾನೇ ಉಣ್ಣುತ್ತಿದ್ದಳು. ಹಾಗಂತ ಹೇಳಿದರೆ ಮುರುಗೆಪ್ಪ ನಂಬಲೇ ಇಲ್ಲ.

ಸಭೆ ಮುಗಿದ ಮೇಲೆ ಮಾಧುರಿ ಹಿರಿಯ ಟೀಚರ್ ಇಂದೂಬಾಯಿಯ ಮುಂದೆ ಅತ್ತೇಬಿಟ್ಟಳು.

"ಈ ಕೆಲಸ ನನ್ನ ಕೈಲೆ ಆಗಂಗಿಲ್ರಿ ಬಾಯಿ. ಸೋಮವಾರ ರಾಜೀನಾಮೆ ಕೊಡ್ತೀನಿ."

"ಕೊಡುವಂತಿ. ಮೊದಲ ಅವರ ಮನೀಗೆ ಹೋಗಿ, ಅಪ್ಪಿ ಹೆಂಗ ಉಣ್ತಾಳ ನೋಡ್ಕೊಂಡು ಬಾ."

ಭಾನುವಾರ ಮಧ್ಯಾಹ್ನ ಮಾಧುರಿ ಹೋದಳು. ಅಜ್ಜಿ ಬಸವಣ್ಣೆವ್ವ ಹಾಲಿನಲ್ಲಿ ರೊಟ್ಟಿ ಕಲಸಿ ಅಪ್ಪಿಯ ಬಾಯಿಗೆ ತುತ್ತು ಇಡುತ್ತಿದ್ದರು. ಅಪ್ಪಿಯ ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಇದ್ದವು.

"ದಿನಾ ನೀವ ಉಣಸ್ತೀರೇನ್ರಿ, ಅಜ್ಜಿ?"

"ಮತ್ತ? ಪಾಪ, ಏನೂ ತಿಳಿಯದ ಕೂಸು. ತಾನ ಉಂಡ್ರ ಅರ್ಧಾ ನೆಲಕ್ಕ ಬೀಳ್ತದ."

"ಬೀಳಲಿ ಬಿಡ್ರಿ. ಇವತ್ತೊಂದಿನ ನೀವು ಸುಮ್ನ ಕುಂದರ್ರಿ."

ಮಾಧುರಿ ರೊಟ್ಟಿ-ಪಲ್ಯದ ತಟ್ಟೆಯನ್ನು ಅಪ್ಪಿಯ ಮುಂದಿಟ್ಟಳು. ಅಪ್ಪಿ ಅಜ್ಜಿಯ ಮುಖ ನೋಡಿ ಬಾಯಿ ತೆರೆದಳು. ತುತ್ತು ಬರಲಿಲ್ಲ. ಅಳುವ ಹಾಗಾದಳು. ಬಸವಣ್ಣೆವ್ವನ ಜೀವ ತಡೆಯದೆ ಕೈ ಮುಂದೆ ಹೋಯಿತು. ಮಾಧುರಿ ಆ ಕೈ ಹಿಡಿದುಕೊಂಡಳು. ಕೂಸು ಉಣ್ಣದಿದ್ದರೆ ತನ್ನ ಕಥೆ ಇಲ್ಲಿಗೇ ಮುಗಿಯಿತು ಎಂದು ಅವಳಿಗೂ ಭಯ.

ಆಗ ಅಪ್ಪಿ ರೊಟ್ಟಿ ಮುರಿದಳು. ಪಲ್ಯಕ್ಕೆ ಹಚ್ಚಿದಳು. ಸ್ವಲ್ಪ ಲಂಗದ ಮೇಲೆ, ಉಳಿದದ್ದು ಬಾಯಿಗೆ.

ಊಟಕ್ಕೆಂದು ಅಂಗಡಿಯಿಂದ ಬಂದ ಮುರುಗೆಪ್ಪ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದರು.

"ಅಯ್ಯ ಶಿವನ, ನಾನ ಅಕೀನ ಕೈ ಕಟ್ಟಿ ಇಟ್ಟಿದ್ದೆನಲ್ಲ!" ಬಸವಣ್ಣೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

"ತಪ್ಪು ಮಾತಾಡಿದೆ ಟೀಚರ್. ನೀವು ಕಲಿಸಿದ್ದನ್ನ ನಾವು ಮನ್ಯಾಗ ಮರಸ್ತಿದ್ದಿವಿ," ಎಂದರು ಮುರುಗೆಪ್ಪ.

"ನಂದೂ ತಪ್ಪು ಅದ ರೀ. ಏನು ಕಲಿಸ್ತೀವಂತ ಮನೀಗೆ ಬಂದು ತೋರಿಸಬೇಕಿತ್ತು."

ಸೋಮವಾರ ಮಾಧುರಿ ರಾಜೀನಾಮೆ ಕೊಡಲಿಲ್ಲ. ಅಪ್ಪಿಗೆ ಲೋಟ ಹಿಡಿಯುವುದನ್ನು ಕಲಿಸಲು ಕೂತಳು.

ಪಾಲಕರೇ, ಇಂಥ ಶಾಲೆಯ ಶಿಕ್ಷಕರು ಕಲಿಸಿದ್ದು ಫಲ ಕೊಡುವುದು ತಡವಾಗಿ, ಅದೂ ಎಷ್ಟೋ ಸಲ ನಿಮ್ಮ ಮನೆಯೊಳಗೆ. ಶಾಲೆಯಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿಕೊಳ್ಳಿ, ಮನೆಯಲ್ಲೂ ಅದನ್ನೇ ಮಾಡಿಸಿ. ಮಗು ಅಂಗಿಯ ಒಂದು ಗುಂಡಿ ತಾನೇ ಹಾಕಿಕೊಂಡರೂ ಹೋಗಿ ಟೀಚರಿಗೆ ಹೇಳಿ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?