ನಿಲ್ಲಿಸಿಟ್ಟ ಆಟ

ಚುಕ್ಕೆ ಕೆಂಪಗಿದೆ, ಅಂದರೆ ರೆಕಾರ್ಡ್ ಆಗುತ್ತಿದೆ, ಕೆಂಪಗಿದ್ದರೆ ಆಗುತ್ತಿದೆ ಎಂದನೋ ನಿಂತಿದೆ ಎಂದನೋ, ಇರಲಿ, ಪರದೆಯ ಮೂಲೆಯಲ್ಲಿ ಮಿಣುಕುತ್ತಿದೆ, ಗೋಲಿನ ಮುಂದೆ ನನ್ನ ತಮ್ಮ ನೀರು ಮುಕ್ಕಳಿಸಿ ಉಗಿಯುತ್ತಿದ್ದಾನೆ, ಮನೆಯಲ್ಲಿ ಹೀಗೆ ಉಗಿದಿದ್ದರೆ ಅಮ್ಮ ಸೌಟು ಎತ್ತುತ್ತಿದ್ದಳು, ಅಲ್ಲಿ ಊರಿಗೆ ಊರೇ ಚಪ್ಪಾಳೆ. ನಿನ್ನೆ ಅವನೇ ಬಂದು ಜೋಡಿಸಿಕೊಟ್ಟ — ಗೋಡೆಯ ಕೇಬಲ್ ಡಬ್ಬಿಗೆ, ಡಬ್ಬಿಯಿಂದ ಇನ್ನೊಂದು ವೈರು ಕಂಪ್ಯೂಟರಿಗೆ, ಅಲ್ಲಿಂದ ಟಿವಿಗೆ — ನೋಡಕ್ಕಾ, ಫೈನಲ್ ಪೂರ್ತಿ ಇದರೊಳಗೆ ತುಂಬಿಕೊಳ್ಳುತ್ತೆ, ನನ್ನ ತಪ್ಪು ನಾನೇ ನೋಡ್ಬೇಕು, ನೀನು ಮಧ್ಯೆ ಎದ್ದು ಹೋಗೋದಾದ್ರೆ ಈ ಗುಂಡಿ ಒತ್ತು, ಆಟ ನಿನಗೋಸ್ಕರ ನಿಂತಿರುತ್ತೆ, ಬಂದು ಒತ್ತು, ನಿಂತಲ್ಲಿಂದ ಶುರು. ನನಗೋಸ್ಕರ ನಿಮ್ಮ ಭಾವನೇ ನಿಲ್ಲಲ್ಲ, ಆಟ ನಿಲ್ಲುತ್ತಾ ಅಂದೆ, ನಕ್ಕುಬಿಟ್ಟ. ಆದರೆ ನಿಂತಿತು, ತೊಟ್ಟಿ ತುಂಬಿ ಹಿತ್ತಲಿಂದ ಒಳಗೆಲ್ಲ ನೀರು ಹರಿದಾಗ ಒತ್ತಿದೆ, ಗಾಳಿಯಲ್ಲಿ ಚೆಂಡು ಹಾಗೇ ತೂಗಿತು, ಮೋಟಾರು ಆರಿಸಿ, ನೆಲ ಒರೆಸಿ, ಸೆರಗು ಹಿಂಡಿ ಬಂದು ಒತ್ತಿದೆ, ಚೆಂಡು ಕೆಳಗಿಳಿಯಿತು, ಏನೂ ಆಗಿರಲೇ ಇಲ್ಲವೆಂಬಂತೆ. ಅವನನ್ನು ಬೆಕ್ಕು ಅಂತ ಕರೆಯುತ್ತಾರೆ ತಂಡದವರು, ಎಲ್ಲಿಂದ ಹಾರಿದರೂ ಕಾಲ ಮೇಲೇ ಇಳಿಯುತ್ತಾನೆ, ಚಿಕ್ಕಂದಿನಲ್ಲಿ ಮಂಚದ ಮೇಲೆ ನಿಲ್ಲಿಸಿ ದಿಂಬು ಎಸೆಯುತ್ತಿದ್ದವಳು ನಾನೇ, ಹಿಡಿಯೋ, ಹಿಡಿಯೋ — ಫೋನು. ತಮ್ಮನ ಹೆಂಡತಿ. ಅವನು ಆಡುವಾಗ ಅವಳು ಟಿವಿಯನ್ನೇ ಹಾಕುವುದಿಲ್ಲ, ಮಹಡಿ ಹತ್ತಿ ಕೂರುತ್ತಾಳೆ, ಅಕ್ಕಾ, ಬಿದ್ದುಬಿಟ್ರಂತೆ, ಗೋಲಿನ ಕಂಬಕ್ಕೆ ತಲೆ ಬಡಿದು ಏಳ್ತಾನೇ ಇಲ್ವಂತೆ, ಪಕ್ಕದ ಮನೆಯವರು ಕೂಗಿ ಹೇಳಿದ್ರು, ನಂಗೆ ನೋಡೋ ಧೈರ್ಯ ಇಲ್ಲ, ನೀವೇ ನೋಡಿ ಹೇಳಿ. ನಾನು ನೋಡುತ್ತಲೇ ಇದ್ದೇನಲ್ಲ, ಕಣ್ಣೆದುರಿಗೇ ಇದ್ದಾನಲ್ಲ, ಕೈಗವಸಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದಾನೆ. ನಿಂತಿದ್ದಾನೆ ಕಣೇ. ನಿಂತ್ರಾ? ಎದ್ದು ನಿಂತ್ರಾ? ಹೂಂ ಕಣೇ, ಗಟ್ಟಿಮುಟ್ಟಾಗಿ ನಿಂತಿದ್ದಾನೆ. ಅಯ್ಯೋ ದೇವರೇ ಎಂದು ಅತ್ತು ನಕ್ಕು ಇಟ್ಟುಬಿಟ್ಟಳು.

ಪಕ್ಕದ ಮನೆಯವರಿಗೆ ಮಾಡಲು ಬೇರೆ ಕೆಲಸವಿಲ್ಲ, ಬಿದ್ದನಂತೆ, ಎಲ್ಲಿ ಬಿದ್ದ, ಇನ್ನೂ ಬಿದ್ದೇ ಇಲ್ಲ — ಇನ್ನೂ. ಇನ್ನೂ ಎಂದರೆ? ಸೆರಗಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ನೆಲ ಒರೆಸಿದಷ್ಟು ಹೊತ್ತು ಹಿಂದಿನ ಆಟ ಇದು, ಆಗಿಹೋದದ್ದು, ನನಗೋಸ್ಕರ ನಿಂತಿತ್ತು, ಅವನಿಗೋಸ್ಕರ ನಿಂತಿರಲಿಲ್ಲ. ಹಾಗಾದರೆ ಇವನು ಯಾರು, ಹಲ್ಲು ಕಿರಿಯುತ್ತಿರುವವನು, ಬಿದ್ದವನೋ ಬೀಳಲಿರುವವನೋ, ಕಂಬದಿಂದ ದೂರ ನಿಲ್ಲೋ ಎಂದು ಕೂಗಿಯೇಬಿಟ್ಟೆ, ಯಾರಿಗೆ ಕೂಗಿದೆ, ಅಲ್ಲಿ ಅವಳು ದೇವರಿಗೆ ಕೈ ಮುಗಿಯುತ್ತಿದ್ದಾಳೆ ನನ್ನ ಮಾತು ನಂಬಿ. ಈಗಿನದಕ್ಕೆ ಹೋಗುವ ಗುಂಡಿ ಎರಡು ಬಾಣದ್ದು, ಒತ್ತಿದರೆ ಅವನು ಬೀಳುತ್ತಾನೆ, ಒತ್ತದಿದ್ದರೆ ನಿಂತೇ ಇರುತ್ತಾನೆ, ಹುಚ್ಚೀ, ಒತ್ತದಿದ್ದರೂ ಬಿದ್ದಿದ್ದಾನೆ, ಒತ್ತು.

ಗೋಲಿನಲ್ಲಿ ಬೇರೆ ಯಾರೋ. ಉದ್ದನೆಯ, ಹೆದರಿದ ಮುಖ. ಆಂಬುಲೆನ್ಸಿಗೆ ಹತ್ತಿಸುವಾಗ ಕಣ್ಣು ಬಿಟ್ಟರು, ಕೈ ಎತ್ತಿ ತೋರಿಸಿದರು, ಮಾತಾಡಿದರು ಎನ್ನುತ್ತಿದ್ದಾನೆ ವೀಕ್ಷಕ ವಿವರಣೆಯವನು, ಮಾತಾಡಿದನಂತೆ, ಇದು ಈಗಿನದೇ ತಾನೇ, ಇದನ್ನೂ ಯಾರಾದರೂ ನಿಲ್ಲಿಸಿಟ್ಟು ಬಿಟ್ಟಿರಬಹುದೇ. ಫೋನ್ ಮಾಡಿದೆ. ಪ್ರಜ್ಞೆ ಬಂದಿದೆ ಕಣೇ, ಮಾತಾಡಿದ್ನಂತೆ, ಆಸ್ಪತ್ರೆಗೆ ಹೊರಡು. ಆಸ್ಪತ್ರೆಗಾ? ಎದ್ದು ನಿಂತ್ರು ಅಂದ್ರಲ್ಲಕ್ಕಾ. ಅದು ಹಿಂದಿಂದು ಕಣೇ, ಇದು ಈಗಿಂದು. ಅಕ್ಕಾ, ನಾನು ಯಾವುದನ್ನ ನಂಬ್ಲಿ? ಇದನ್ನೇ ನಂಬು, ನಾನೂ ಬರ್ತೀನಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ ಎಂದೆ, ಹಾಕಿಕೊಳ್ಳುತ್ತಿಲ್ಲ, ಏಳಬೇಕು, ಬೀಗದ ಕೈ ಎಲ್ಲಿ, ಕ್ಯಾಮೆರಾ ಮತ್ತೆ ಕಂಬದ ಬುಡಕ್ಕೆ ಹೋಗಿದೆ, ಬಲೆಯ ಪಕ್ಕ ಹುಲ್ಲಿನ ಮೇಲೆ ಒಂದು ಕೈಗವಸು, ಕತ್ತರಿಸಿ ತೆಗೆದಿರಬೇಕು, ಹಲ್ಲಿನಲ್ಲಿ ಕಚ್ಚಿ ಬಿಗಿದ ಪಟ್ಟಿ ಸೀಳಿಹೋಗಿದೆ, ಆಟ ನಡೆಯುತ್ತಿದೆ, ಸುತ್ತ ಓಡುತ್ತಿದ್ದಾರೆ, ಯಾರೂ ಎತ್ತುತ್ತಿಲ್ಲ, ಅಂಗೈ ಮೇಲಾಗಿ ಬಿದ್ದಿದೆ, ಬೆರಳು ಅರ್ಧ ಮಡಚಿ, ಹಿಡಿಯಲು ಕಾದ ಹಾಗೆ, ಆ ಕೈಗವಸು, ಒಂದೇ ಒಂದು ಕೈಗವಸು —