ಕೋಟು ತೊಟ್ಟ ಗೋವಿಂದ

ನಮ್ಮ ಕಡೆ ಬಡವರಿಗೆ ಕೋಟಿನ ಯೋಗ ಬರುವುದು ಸತ್ತ ಮೇಲೆಯೇ. ಸ್ಟುಡಿಯೋದವನು ಯಾರದೋ ಕೋಟಿನ ಮೇಲೆ ಸತ್ತವರ ಮುಖ ಕೂರಿಸಿ, ಟೈ ಕಟ್ಟಿ, ಚೌಕಟ್ಟು ಹಾಕಿ ಕೊಡುತ್ತಾನೆ. ಕೆರೆಕಟ್ಟೆಯ ಗೋವಿಂದನಿಗೂ ಅದೇ ಆಯಿತು.

ಮಾಡಿಸಿದ್ದು ಮಗಳು ಜ್ಯೋತ್ಸ್ನಾ. ನರಸಿಂಹರಾಜಪುರದಲ್ಲಿ ಸರ್ಕಾರಿ ಆಫೀಸಿನ ಗುಮಾಸ್ತೆ. ಹನ್ನೊಂದನೇ ದಿನದ ಕಾರ್ಯಕ್ಕೆ ಆಫೀಸಿನವರೂ ಬರುತ್ತಾರೆ, ಅಪ್ಪ ನಾಲ್ಕು ಜನರೆದುರು ಚೆನ್ನಾಗಿ ಕಾಣಲಿ ಎಂಬುದು ಅವಳ ಆಸೆ. ಹಿಂದಿನ ದಿನ ಬೆಳಿಗ್ಗೆ ಫೋಟೋ ತಂದು ಜಗಲಿಯಲ್ಲಿಟ್ಟಳು. ಗೋವಿಂದನ ತಂಗಿ ಬೆಳ್ಳಮ್ಮ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದು ನೋಡಿದಳು.

"ಯಾರ್ ಮಗಾ ಇವ್ರು? ಬ್ಯಾಂಕಿನವ್ರಾ?"

"ಅಪ್ಪನೇ, ಅತ್ತೆ."

"ನಮ್ಮಣ್ಣನ ಟೋಪಿ ಎಲ್ಲಿ? ಗುರ್ತಿಲ್ಲದವ್ರಿಗೆಲ್ಲ ನಾನು ಎಡೆ ಇಡೂದಿಲ್ಲ ಮಾರಾಯ್ತಿ." ಅಷ್ಟು ಹೇಳಿ ಬೆಳ್ಳಮ್ಮ ಒಳಗೆ ಹೋದಳು. ಅವಳು ಒಮ್ಮೆ ಇಲ್ಲ ಅಂದರೆ ಇಲ್ಲವೇ.

ಆ ಹಾಳೆಟೋಪಿ! ಅಡಿಕೆ ಹಾಳೆ ನೆನೆಸಿ, ಮಡಚಿ ಗೋವಿಂದ ತಾನೇ ಹೊಲಿದುಕೊಳ್ಳುತ್ತಿದ್ದ. ಜೇನು ಕೀಳಲೂ ಅದೇ, ಮದುವೆಮನೆಗೂ ಅದೇ. ಯಾರಾದರೂ ನಕ್ಕರೆ, "ನಾವು ಮಲೆಕುಡಿಯರು ಮಾರಾಯ. ರಾಜರಿಗೆ ಕಿರೀಟ, ನಮಗೆ ಇದು" ಎನ್ನುತ್ತಿದ್ದ. ಅರ್ಜಿಯಲ್ಲಿ ಜಾತಿಯ ಹೆಸರನ್ನು ಬರೆಯಿಸಿ, ಮತ್ತೊಮ್ಮೆ ಓದಿಸಿ ಕೇಳುತ್ತಿದ್ದ.

ಒಂದೇ ಒಂದು ದಿನ ಟೋಪಿ ತೆಗೆದಿದ್ದ. ಜ್ಯೋತ್ಸ್ನಾ ಕೊಪ್ಪದ ಹಾಸ್ಟೆಲಿನಲ್ಲಿದ್ದಾಗ, ಅವಳಿಗೆ ಬಹುಮಾನ ಕೊಡುವುದನ್ನು ನೋಡಲು ಎರಡು ಬಸ್ಸು ಹತ್ತಿಳಿದು ಬಂದಿದ್ದ. ಶಾಲೆಯ ಗೇಟಿನಲ್ಲೇ ಅವಳು, "ಅಪ್ಪ, ಟೋಪಿ ತೆಗಿ. ಎಲ್ಲ ನೋಡ್ತಾರೆ" ಅಂದಿದ್ದಳು. ಗೋವಿಂದ ತೆಗೆದು ಚೀಲಕ್ಕೆ ಹಾಕಿಕೊಂಡ. ಕಡೇ ಸಾಲಿನಲ್ಲಿ ಬರಿದಲೆಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಈಗ ಎರಡನೇ ಸಲ ತೆಗೆಸಿದ್ದಾಯಿತು. ಅದು ಹೊಳೆದದ್ದೇ ತಡ, ಜ್ಯೋತ್ಸ್ನಾಳಿಗೆ ಅಳು ತಡೆಯಲಾಗಲಿಲ್ಲ. ಅಪ್ಪ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಶೃಂಗೇರಿಗೆ ಹೋದಳು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಗೋವಿಂದನ ಟೋಪಿಯಿದ್ದ ಹಳೇ ಫೋಟೋ ತೆರೆದು ನೋಡಿದ.

"ಟೋಪಿ ಸಮೇತ ಬೇಕಾ ಮೇಡಂ? ಕಾಡು ಜನರ ಥರ ಕಾಣ್ತದೆ."

"ಕಾಣ್ಲಿ. ನಾವು ಕಾಡಿನವ್ರೇ. ಕೆಳಗೆ ಹೆಸರಿನ ಜೊತೆ ಮಲೆಕುಡಿಯ ಅಂತ ದಪ್ಪಕ್ಷರದಲ್ಲಿ ಹಾಕಿ."

ಆಫೀಸಿನ ಕಡತದಲ್ಲಷ್ಟೇ ಇದ್ದ ಆ ಜಾತಿಯ ಹೆಸರು ಹೊರಗಿನವರೆದುರು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಮಾರನೇ ದಿನ ಆಫೀಸಿನವರು ಬಂದು ಟೋಪಿಯಿದ್ದ ಹೊಸ ಫೋಟೋಗೆ ಹೂ ಹಾಕಿದರು. ಎಡೆಯ ಎಲೆ ಇನ್ನೂ ಖಾಲಿಯಿತ್ತು. ಓದು ಬಾರದ ಬೆಳ್ಳಮ್ಮ ಫೋಟೋದ ಹತ್ತಿರ ಬಗ್ಗಿ, ಅಕ್ಷರಗಳ ಮೇಲೆ ಬೆರಳಿಟ್ಟಳು.

"ಇದೆಂತ ಬರ್ದಿದ್ದು ಮಗಾ?"

ಜ್ಯೋತ್ಸ್ನಾ ಜಗಲಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿ ಹೇಳಿದಳು.

"ಹಾಂ, ಈಗ ಬಂದ ನಮ್ಮಣ್ಣ" ಎಂದು ಬೆಳ್ಳಮ್ಮ ಎಲೆಗೆ ಅನ್ನ ಬಡಿಸಿದಳು.