ಮುಷ್ಟಿಯ ಸಾಕ್ಷಿ

ಗಾಜಿನ ಗುಂಡಿನೊಳಗೆ ಸಿಕ್ಕಿಕೊಂಡ ಗುಳ್ಳೆಗಳು ಐದೋ ಆರೋ ಎಂಬುದು ಇತ್ಯರ್ಥವಾಗದೆ ಈ ಕೋಣೆಯಲ್ಲಿ ಇಂದು ಮುಂದಿನ ಯಾವ ಕಲಾಪವೂ ನಡೆಯತಕ್ಕದ್ದಲ್ಲ — ಡಾಕ್ಟರಮ್ಮನ ಮೇಜಿನ ಮೇಲೆ ಚೀಟಿಗಳ ಕಂತೆಯನ್ನು ಅದುಮಿಕೊಂಡು ಕೂತಿದೆ ಗುಂಡು, ಫ್ಯಾನಿನ ಗಾಳಿಗೆ ಹಾಳೆಗಳ ಅಂಚು ಪಟಪಟ ಎನ್ನುತ್ತದೆ, ನಡು ಮಾತ್ರ ಅಲುಗುವುದಿಲ್ಲ, ಐದು, ಅಲ್ಲ, ಆ ಸಣ್ಣದು ಬೇರೆ ಗುಳ್ಳೆಯೋ ದೊಡ್ಡದರ ನೆರಳೋ, ನಮ್ಮ ವಕೀಲರ ಮೇಜಿನ ಮೇಲೂ ಇಂಥದ್ದೇ ಒಂದಿದೆ, ಇಷ್ಟು ವರ್ಷ ಎತ್ತಿ ಇಟ್ಟು ಒರೆಸಿದ್ದೇನೆ, ಗುಳ್ಳೆ ಎಣಿಸುವ ಬುದ್ಧಿ ಒಂದು ದಿನವೂ ಬಂದದ್ದಿಲ್ಲ, ಮನುಷ್ಯನಿಗೆ ಬೇರೆ ಏನನ್ನೋ ಯೋಚಿಸಬಾರದು ಎಂದಿದ್ದಾಗಲೇ ಗುಳ್ಳೆ ಕಾಣುವುದು. ರೋಗಿ ನಾನಲ್ಲ, ಇದು ದಾಖಲೆಯಲ್ಲಿರಲಿ. ರೋಗಿ ಅಮ್ಮಣ್ಣಿ, ನನ್ನ ಅಕ್ಕ, ಸಿದ್ದಾಪುರದಿಂದ ಬೆಳಗಿನ ಬಸ್ಸಿನಲ್ಲಿ ಮೊಣಕಾಲು ಹೊತ್ತುಕೊಂಡು ಕುಂದಾಪುರಕ್ಕೆ ಬಂದವಳು. ನಾನು ರಾಜೀವ ಶೆಟ್ಟಿ, ವಕೀಲರ ಗುಮಾಸ್ತ, ಕೊಡೆ ಹಿಡಿಯಲು ಜೊತೆಗೆ ಬಂದವ, ಅಷ್ಟೇ. ಗಂಟ್ ನೋವ್ ಏಗಳಿಂದ ಅಮ್ಮಾ ಎಂದು ಡಾಕ್ಟರಮ್ಮ ಕೇಳಿದ್ದಾಳೆ, ಸರಳ ಪ್ರಶ್ನೆ, ಒಂದು ತಿಂಗಳ ಹೆಸರು ಹೇಳಿದರೆ ಮುಗಿಯಿತು, ಅಕ್ಕ ಸೆರಗು ಸರಿಮಾಡಿಕೊಂಡು, ನಮ್ ಕುಸುಮಾವತಿ ಮದಿ ಆಯ್ತಲೆ, ಆ ಮದಿಗೆ ಚಪ್ಪರ ಹಾಕುಕೆ ಬಂದವ್ ಎಂತ ಮಾಡ್ದ ಗೊತ್ತಿತ್ತಾ, ಎಂದು ಶುರುಮಾಡಿದಳು, ಚಪ್ಪರದಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ನಾದಿನಿಯ ಸೊಕ್ಕಿಗೆ, ಮೊಣಕಾಲು ಇನ್ನೂ ಕಥೆಯೊಳಗೆ ಕಾಲಿಟ್ಟಿಲ್ಲ, ಕೋರ್ಟಾಗಿದ್ದರೆ ಇಷ್ಟರಲ್ಲಿ ಮುನ್ಸೀಫರು ಕನ್ನಡಕ ತೆಗೆದು ಕೆಳಗಿಡುತ್ತಿದ್ದರು. ಈ ಹುಡುಗಿ ಇಡುವುದಿಲ್ಲ. ಚಂದ್ರಮತಿ ಎಂದು ಹೆಸರು, ಕೋಟದ ಕಡೆಯವಳು, ಬಂದು ವರ್ಷವಾಗಿಲ್ಲ, ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾಳೆ, ಹೌದಾ, ಮತ್ತೆ, ಅಷ್ಟೇ ಹೇಳುತ್ತಾಳೆ, ಸಾಕ್ಷಿಯನ್ನು ತಡೆಯುವ ವಕೀಲ ಅಪಾಯದವನಲ್ಲ, ಬಿಟ್ಟು ಮಾತಾಡಿಸುವವನೇ ಅಪಾಯ, ನನಗೆ ಆಗಲೇ ಅಂಗಿಯೊಳಗೆ ಬೆವರು.

ಕೋರ್ಟಿನ ಅಂಗಳದ ಮಾವಿನ ಮರದ ಬುಡದಲ್ಲಿ ಅರ್ಧ ತಾಲೂಕಿನ ಸಾಕ್ಷಿಗಳಿಗೆ ಪಾಠ ಹೇಳಿದವ ನಾನು — ಕೇಳಿದ್ದಕ್ಕೆ ಮಾತ್ರ ಉತ್ತರ, ಹೌದು ಅಥವಾ ಇಲ್ಲ, ನೆನಪಿಲ್ಲ ಎಂದರೆ ಸುಳ್ಳಾಗುವುದಿಲ್ಲ, ಮತ್ತೆ ಕೈ, ಕೈ ಆಡಿಸಬೇಡ ಮಾರಾಯ, ಬಾಯಿ ಹೇಳದ್ದನ್ನು ಕೈ ಹೇಳಿಬಿಡುತ್ತದೆ, ಕೆರಾಡಿಯ ಸೂರ ಗಡಿಕಲ್ಲು ಕಂಡೇ ಇಲ್ಲ ಎಂದು ಬಾಯಲ್ಲಿ ಹೇಳುತ್ತ ಅದರ ಎತ್ತರವನ್ನು ಕೈಯಲ್ಲಿ ತೋರಿಸಿದ್ದ, ದಾವೆ ಅಲ್ಲಿಗೆ ಖತಂ. ಅಕ್ಕನ ಮೊಣಕಾಲಿಗೆ ಎಣ್ಣೆ ಬರೆದಾಯಿತು, ಮಾತ್ರೆ ಬರೆದಾಯಿತು, ಏಳುವ ಅಕ್ಕಾ ಎಂದು ಕೊಡೆ ತೆಗೆದುಕೊಂಡೆ, ಆಗ ಡಾಕ್ಟರಮ್ಮ, ಈಗಳ್ ನೀವ್ ಈಚಿಗ್ ಬಂದ್ ಕೂಕಣಿ ಗುಮಾಸ್ತ್ರೆ. ನಂಗ್ ಎಂತ ಆಯ್ತ್, ನಾ ಅಕ್ಕನ್ ಕರ್ಕಂಡ್ ಬಂದವ. ಗೊತ್ತಿತ್ತ್, ಕೂಕಣಿ. ಕಿಟಕಿಯ ಕಡೆ ಕಣ್ಣು ತೋರಿಸಿದಳು, ಬಸ್ಸ್‌ಸ್ಟ್ಯಾಂಡಿನಿಂದ ಕೋರ್ಟಿಗೆ ಹೋಗುವ ಏರು ರಸ್ತೆ ಇಡೀ ಅಲ್ಲಿ ಕಾಣುತ್ತದೆ, ಇಲ್ಲ್ ಕೂತ್ರೆ ನಂಗೆ ದಿನಾ ನಿಮ್ ಮೆರವಣಿಗೆ ಕಾಂತ್, ಕುಷ್ಟನ ಸೋಡಾ ಅಂಗ್ಡಿಯತ್ರ ಒಂದ್ ಸಲ ನಿಲ್ತ್ರಿ, ದರ್ಜಿ ಭೋಜನತ್ರ ಒಂದ್ ಸಲ, ಹೂಗಿನ್ ಸೀತುವಿನತ್ರ ಮತ್ತೊಂದ್ ಸಲ, ಮಳಿಗಾಲಕ್ ಮುಂಚೆ ನೀವ್ ಯಾರತ್ರೂ ನಿಂತ್ ಮಾತಾಡದ್ ನಾ ಕಂಡದ್ದಿಲ್ಲೆ.

ಹೌದು, ಆಡಿರಲಿಲ್ಲ. ಬಸ್‌ಸ್ಟ್ಯಾಂಡಿನ ಬಳಿಯ ವಕೀಲರ ಕಚೇರಿಯಿಂದ ದಾವೆಗಳ ಕಟ್ಟು ಕಂಕುಳಿಗೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಸರಸರ ಏರಿ ಹೋಗುತ್ತಿದ್ದ ರಾಜೀವ ಶೆಟ್ಟಿಯನ್ನು ಊರು ಸೊಕ್ಕಿನವ ಎಂದಿತ್ತು, ಈಗ ಅದೇ ಊರು ಮೆಚ್ಚಿಕೊಂಡಿದೆ — ಕುಷ್ಟನ ಅಂಗಡಿಯ ಕಂಬ ಹಿಡಿದು ಎಂತ ಕುಷ್ಟ ವ್ಯಾಪಾರ ಹೇಂಗಿತ್ತ್ ಎಂದು ಕೇಳುವಷ್ಟರಲ್ಲಿ ಎದೆಯ ಆ ಬಿಗಿ ಸಡಿಲವಾಗುತ್ತದೆ, ಭೋಜನ ಮಗಳಿಗೆ ಗಂಡು ಸಿಕ್ಕಿತಾ ಎಂದು ವಿಚಾರಿಸಿದರೆ ಮುಂದಿನ ಏರಿಗೆ ಬೇಕಾದ ಉಸಿರು ಬರುತ್ತದೆ, ಸೀತುವಿನ ಮೊಮ್ಮಗನ ಕೆಮ್ಮು ನನಗೆ ಈಗ ಬಾಯಿಪಾಠ, ಗುಮಾಸ್ತ್ರ್ ಎಷ್ಟ್ ಬದಲಾದ್ರ್ ಅಲ್ದಾ, ಓಟಿಗ್ ನಿಲ್ತ್ರ್ ಗಡಾ ಎಂದು ಸೋಡಾ ಅಂಗಡಿಯಲ್ಲಿ ತೀರ್ಮಾನವೇ ಆಗಿಹೋಗಿದೆ, ಒಳ್ಳೆಯತನ ಎಂಬುದು ಎದೆಯಿಂದ ಬರುತ್ತದೆ ಎಂದು ಭಾಷಣಗಳಲ್ಲಿ ಕೇಳಿದ್ದೆ, ಇಷ್ಟು ನೇರವಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಬಾಯಿ ಮಾತ್ರ, ವಯಸ್ಸಾಯ್ತಲೆ, ಜನರತ್ರ ಚೂರ್ ಮಾತಾಡ್ಕಲೆ, ಎಂದಿತು. ಇಳಿಯುವಾಗ ಎಂತಕ್ ಮಾತಾಡುದಿಲ್ಲೆ, ಕೇಳಿದಳು ಡಾಕ್ಟರಮ್ಮ. ಏರುವಾಗ ಮೂರು ಕಡೆ ಕ್ಷೇಮಸಮಾಚಾರ, ಇಳಿಯುವಾಗ ಒಬ್ಬರದ್ದೂ ಬೇಡ. ಇಂಥ ಪ್ರಶ್ನೆ ನಮ್ಮ ವಕೀಲರಿಗೆ ಹೊಳೆಯುತ್ತಿದ್ದರೆ ಎಷ್ಟು ದಾವೆ ಗೆಲ್ಲುತ್ತಿದ್ದೆವು.

ನೆನಪಿಲ್ಲ, ಎನ್ನಬೇಕು ಈಗ. ಉಂಡ್ ಕೂಡ್ಲೆ ನಡೆದ್ರೆ ನೋವ್ ಹೆಚ್ಚ್ ಆತ್ತಾ, ಡಾಕ್ಟರಮ್ಮನ ಮುಂದಿನ ಪ್ರಶ್ನೆ — ಇಲ್ಲ ಎನ್ನುವುದರೊಳಗೆ ಅಕ್ಕ, ಹೌದೇ ಅಮ್ಮಾ, ಹ್ವಾದ ಹಬ್ಬಕ್ಕೆ ಊಟ ಮಾಡಿ ಗದ್ದಿಯಂಚ್ ಹತ್ತುಕೂ ಆಗದೆ ಅಲ್ಲೇ ಕೂಕಂಡ, ಬೆಳಿ ಕಾಂತಿದ್ದೆ ಅಂದ, ನಾಟಿಯೇ ಆಯಿರ್ಲಿಲ್ಲೆ ಆ ಗದ್ದಿ. ನನ್ನ ಕಡೆಯ ಸಾಕ್ಷಿ, ಅವಳ ಬಸ್ ಟಿಕೇಟು ತೆಗೆದವ ನಾನು. ವಾಯು, ಹೊಟ್ಟಿ ವಾಯು ಅಷ್ಟೇ, ಜೀರಿಗಿ ಕಷಾಯ ಕುಡಿತಾ ಇದ್ದೆ, ಎಂದೆ. ಕುಡ್ದ್ರೆ ಕಮ್ಮಿ ಆತ್ತಾ, ನಿಂತ್ರೆ ಕಮ್ಮಿ ಆತ್ತಾ? ನಿಂತರೆ, ಎಂದುಬಿಟ್ಟೆ, ಒಂದು ಮಾತು ಜಾರಿದರೆ ಮುಂದಿನದು ತಾನಾಗಿ ಜಾರುತ್ತದೆ. ಎಡಗೈ? ಕೈ ಬೇರೆ ವಿಷಯ, ಕಟ್ಟಿನ ಭಾರಕ್ಕೆ ಜೋಮು ಹಿಡಿಯುತ್ತದೆ, ಬಲಗೈಗೆ ಬದಲಾಯಿಸಿಯಾಯಿತು, ಆದರೂ ಎಡಗೈಗೇ ಬರುತ್ತದೆ, ಅದು ಯಾಕೋ. ದವಡಿ, ಹಲ್ಲ್? ಹಲ್ಲಿಂದ್ ಮುಗ್ದ್ ಹೋದ್ ಕತಿ ಅಮ್ಮಾ, ತೆಗ್ಸಿ ಆಯ್ತ್. ಹಲ್ಲಿನವ, ಇದ್ ಗಟ್ಟಿ ಹಲ್ಲ್ ಮಾರಾಯ್ರೆ, ಎಂತಕ್ ತೆಗೂದ್, ಎಂದು ಗೋಗರೆದಿದ್ದ, ನಾನೇ ಬಿಡಲಿಲ್ಲ, ಏರು ಹತ್ತುವಾಗ ಮಾತ್ರ ನೋಯುವ ಹಲ್ಲು ಲೋಕದಲ್ಲಿ ಇದೆಯೇ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು, ನಿರಪರಾಧಿಗೆ ಗಲ್ಲಾಯಿತು, ನೋವು ಮರುದಿನವೇ ಅದೇ ಜಾಗಕ್ಕೆ ಬಂದು ಖಾಲಿ ಒಸಡಿನಲ್ಲಿ ಕೂತಿತು. ಎದೆಗೊಂದು ದಾವೆ, ಕೈಗೊಂದು, ಹಲ್ಲಿಗೊಂದು, ಬೇರೆ ಬೇರೆ ನಂಬರು ಕೊಟ್ಟು ಬೇರೆ ಬೇರೆ ಕಟ್ಟಿನಲ್ಲಿಟ್ಟು ನಾನು ನಿಶ್ಚಿಂತೆಯಿಂದ ಇದ್ದೆ, ಈ ಹುಡುಗಿ ಮೂರನ್ನೂ ಎತ್ತಿ ಒಂದೇ ದಾವೆ ಮಾಡುತ್ತಿದ್ದಾಳೆ, ಮೂರೂ ಒಂದಾದರೆ ಅದರ ಹೆಸರು ಏನು ಎಂದು ಗೊತ್ತಿದ್ದೇ ಅಲ್ಲವೇ ನಾನು ಬೇರೆ ಮಾಡಿದ್ದು. ಗೊತ್ತಿತ್ತು. ಚಂದಯ್ಯ ಮಾವನಿಗೆ ಬಂದದ್ದೇ ಇದು, ಅವರು ಬೆಳಿಗ್ಗೆ ಚಾವಡಿಯಲ್ಲಿ ಕೂತು ಗೇಣಿಯವನೊಟ್ಟಿಗೆ ನಗುತ್ತಿದ್ದವರು ಮಾತು ನಿಲ್ಲಿಸಿ, ಎದೆಯ ನಡುವಿಗೆ ಮುಷ್ಟಿ ಒತ್ತಿಕೊಂಡರು, ಹಾಗೆಯೇ ಒರಗಿದರು, ಮನೆಯೆಲ್ಲ ಸೇರಿತು, ಮಾವ ಎಂತದೋ ಹಿಡ್ಕಂಡಿದ್ರ್, ಎಂತದೋ ಕೊಡುಕ್ ಕಾಂತಿದ್ರ್, ಎಂದರು ಯಾರೋ, ಕಣಜದ ಬೀಗದ ಕೈ ಎಂದರು ಮತ್ತೊಬ್ಬರು, ಕೊಡಬೇಕಾದದ್ದು ಸೋದರಸೊಸೆಗೆ, ಅಂದರೆ ಅವರ ತಂಗಿಯ ಮಗಳಾದ ಅಕ್ಕನಿಗೆ, ತಾಯಿಯ ಕಡೆಯಿಂದಲೇ ಎಲ್ಲ ಬರುವ ಮನೆ ನಮ್ಮದು, ಉಸಿರು ನಿಂತ ಮೇಲೆ ಅಕ್ಕ ಮಂಡಿಯೂರಿ ಕೂತು ಅವರ ಬೆರಳುಗಳನ್ನು ಬಿಡಿಸಿದಳು, ಒಂದು, ಮತ್ತೊಂದು, ನಾನು ಬಗ್ಗಿ ನೋಡುತ್ತಿದ್ದೆ — ಮುಷ್ಟಿಯಲ್ಲಿ ಏನೂ ಇರಲಿಲ್ಲ. ಬೀಗದ ಕೈ ಆಮೇಲೆ ಅದರದ್ದೇ ಮೊಳೆಯಲ್ಲಿ ನೇತಾಡುತ್ತಿತ್ತು. ಖಾಲಿ ಅಂಗೈ, ಉಗುರಿನ ಗುರುತು ಮಾತ್ರ.

ನೋವ್ ಹೇಂಗಿರತ್ತ್ ಗುಮಾಸ್ತ್ರೆ, ಚುಚ್ಚುತ್ತಾ, ಉರಿತಾ? ಎರಡೂ ಅಲ್ಲ. ಹಾಂಗಾರೆ ಹೇಂಗೆ? ಮಾತು ಹುಡುಕಿದೆ, ಓದಿದ್ದು ಬರೆದದ್ದು ಕಡಿಮೆಯೇನಲ್ಲ, ಇಡೀ ನಿಘಂಟು ಬಾಯಲ್ಲಿಟ್ಟುಕೊಂಡವ ನಾನು, ಗಾಜಿನ ಗುಂಡು ಕಾಣಿಸಿತು, ಅದರಡಿ ಅಲುಗದ ಹಾಳೆ ಕಾಣಿಸಿತು, ಹೀಂಗೆ ಎಂದೆ, ಹೀಂಗೆ ಎಂದಷ್ಟೇ ಹೇಳಿದ್ದು, ಕೈ ತಾನಾಗಿ ಎದ್ದು ಎದೆಯ ನಡುವಿಗೆ ಹೋಗಿ ಮುಷ್ಟಿಯಾಗಿತ್ತು. ಕೈ ಆಡಿಸಬೇಡ ಮಾರಾಯ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು, ಅಕ್ಕ ಮಾತು ನಿಲ್ಲಿಸಿದಳು, ಅಕ್ಕ ಮಾತು ನಿಲ್ಲಿಸಿದ್ದು ನಾನು ಈವರೆಗೆ ಕಂಡದ್ದಿಲ್ಲ, ನನ್ನ ಮುಖ ನೋಡುತ್ತಿಲ್ಲ, ಮುಷ್ಟಿ ನೋಡುತ್ತಿದ್ದಾಳೆ, ಮೆಲ್ಲಗೆ, ಮಾವನ್ ಕೈ, ಎಂದಳು. ಇನ್ನು ಮಂಚ, ಸಿದ್ದಾಪುರದ ಒಳಕೋಣೆ, ಗಂಜಿ, ಮಾವಿನ ಮರದ ಬುಡದಲ್ಲಿ ಬೇರೊಬ್ಬ ಗುಮಾಸ್ತ ತಪ್ಪು ತಪ್ಪು ಪಾಠ ಹೇಳುವುದು, ಇದಕ್ಕೇ ಅಲ್ಲವೇ ನಾನು ಬಾಯಿ ಕಟ್ಟಿಕೊಂಡು ಇದ್ದದ್ದು. ಅವ ಬದುಕ್ತನಾ, ಕೇಳಿದಳು ಅಕ್ಕ, ಚಪ್ಪರ ಇಲ್ಲ, ನಾದಿನಿ ಇಲ್ಲ, ಎರಡೇ ಮಾತು.

ಕೊಳವೆ ಎದೆಗಿಟ್ಟು ಕೇಳಿದಳು ಡಾಕ್ಟರಮ್ಮ, ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೆದಳು, ಬೀಡಿ ಸೇದ್ತ್ರಿಯಾ ಎಂದಳು, ಅಕ್ಕನ ಎದುರು ಅದಕ್ಕೂ ಹೌದು ಎಂದೆ, ತಪ್ಪೊಪ್ಪಿಗೆ ಎಂಬುದು ಇಷ್ಟು ಹಗುರ ಎಂದು ಗೊತ್ತಿದ್ದರೆ ಎಷ್ಟೋ ಜನರಿಗೆ ಬೇರೆ ಪಾಠ ಹೇಳಬಹುದಿತ್ತು. ಅಮ್ಮಾ, ಹೆದ್ರುವ ಕಾಯ್ಲಿ ಅಲ್ಲ ಅಂದ್ ನಾ ಹೇಳುದಿಲ್ಲೆ, ಆರೆ ಇದ್ ಮುಂಚೆಯೇ ಹೇಳಿ ಬಪ್ಪ ಕಾಯ್ಲಿ, ಹೃದಯಕ್ ರಕ್ತ ಸಾಲ್ದೆ ಕೂಗುದ್ ಇದ್, ಏರುವಾಗ ಕೂಗತ್ತ್, ನಿಂತ್ರೆ ಸುಮ್ನಾತ್ತ್, ನಿಮ್ ಮಾವನ್ ಕಾಲದಗೆ ಅದನ್ ಕೇಂಬವ್ರ್ ಇರ್ಲಿಲ್ಲೆ, ಇವ್ರದ್ ನಾವ್ ಕೇಂಡಾಯ್ತಲೆ. ಮಣಿಪಾಲಕ್ಕೆ ಹೋಗಿ ಇಸಿಜಿ ತೆಗ್ಸ್ಕ್, ಬೀಡಿ ಬಿಡ್ಕ್, ಉಂಡ್ ಕೂಡ್ಲೆ ನಡೂಕಾಗ. ಕೋರ್ಟಿಗೆ, ಎಂದೆ ನಾನು, ಹೋಪುಕ್ ಆತ್ತಾ. ಹೋಯ್ನಿ, ಮೆಲ್ಲ ಹೋಯ್ನಿ, ನಿಂತ್ ನಿಂತ್ ಹೋಯ್ನಿ, ಆ ಮೂರ್ ಅಂಗ್ಡಿ ಮಾತ್ರ ಬಿಡ್ಬೇಡಿ ಎಂದು ಮೊದಲ ಸಲ ನಕ್ಕಳು, ಹುಳುಕು ಹಲ್ಲೊಂದು ಪಕ್ಕದಲ್ಲಿದೆ ಅವಳಿಗೆ, ಅದನ್ನು ಮುಟ್ಟದೆ ಬಿಟ್ಟವರು ಯಾರೋ ಪುಣ್ಯಾತ್ಮರು. ಬೆರಳಿನಷ್ಟು ಕಂದು ಸೀಸೆಯೊಂದನ್ನು ನನ್ನ ಕೈಗಿಟ್ಟಳು, ಒಳಗೆ ಸಾಸಿವೆಗಿಂತ ತುಸು ದೊಡ್ಡ ಬಿಳಿ ಮಾತ್ರೆಗಳು, ಹಿಡಿತ ಬಂದರೆ ಕೂತುಕೊಂಡು ನಾಲಗೆಯಡಿ ಒಂದು, ಬಿಡದಿದ್ದರೆ ತಡಮಾಡದೆ ಇಲ್ಲಿಗೆ. ಆರು. ಗುಳ್ಳೆಗಳು ಆರು, ಸಣ್ಣದು ನೆರಳಲ್ಲ.

ಹೊರಗೆ ಬಿಸಿಲು, ಊಟಕ್ಕೆ ಮನೆಗೆ ಹೋಗಬೇಕು, ಮನೆಯೂ ಅದೇ ಏರಿನ ತುದಿಯಲ್ಲಿ, ಕೋರ್ಟಿನ ಆಚೆ, ಇವತ್ತು ಕೊಡೆ ಅಕ್ಕ ಹಿಡಿದಿದ್ದಾಳೆ, ಮೊಣಕಾಲು ನೋವಿನವಳು ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾಳೆ, ಇಬ್ಬರ ವೇಗವೂ ಸರಿಯಾಗಿ ಹೊಂದುತ್ತದೆ, ಸೀತುವಿನ ಅಂಗಡಿಯ ಎದುರು ಬಂತು, ಅದೇ ಹಿಡಿತ, ಗಾಜಿನ ಗುಂಡು, ಹಾಳೆ, ದವಡೆಯ ಖಾಲಿ ಜಾಗ, ಹ್ವಾಯ್ ಗುಮಾಸ್ತ್ರೆ ಓಟಿಗ್ ನಿಂತ್ರ್ಯಾ ಅಂಬ್ರಲೆ ಎನ್ನುತ್ತಾಳೆ ಸೀತು, ನಿಂತಿಲ್ಲ, ಕೂತುಕೊಳ್ಳುತ್ತೇನೆ, ಅವಳ ಬೆಂಚಿನ ಮೇಲೆ, ನಾಲಗೆಯಡಿ ಮಾತ್ರೆ, ಚುರುಕು, ತಲೆಯಲ್ಲಿ ಧಿಮ್ ಎಂದು ಒಂದು ಕಾವು, ಆಮೇಲೆ ಯಾರೋ ಹಾಳೆಯ ಮೇಲಿನ ಗುಂಡನ್ನು ಎತ್ತಿ ಪಕ್ಕಕ್ಕಿಟ್ಟ ಹಾಗೆ — ಹೋಯಿತು, ಮಲ್ಲಿಗೆಯ ವಾಸನೆ ಬರುತ್ತಿದೆ, ಇಷ್ಟು ದಿನ ಇದೇ ಬೆಂಚಿನ ಹತ್ತಿರ ನಿಂತರೂ ಬಂದಿರಲಿಲ್ಲ, ಸೀತು ಮೊಮ್ಮಗನ ಕೆಮ್ಮು ಹೇಂಗಿತ್ತ್ ಎಂದು ಕೇಳುತ್ತೇನೆ, ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತೇನೆ, ಬಲಗೈ ಮಾತ್ರ ಇನ್ನೂ ಎದೆಯ ಮೇಲೆ ಮುಚ್ಚಿಕೊಂಡೇ ಇದೆ, ಅಕ್ಕ ಕೊಡೆ ಕೆಳಗಿಟ್ಟಳು, ಎದುರಿಗೆ ಮಂಡಿಯೂರಿದಳು, ನೋವಿನ ಮಂಡಿಯನ್ನೇ, ನನ್ನ ಕೈ ಎಳೆದುಕೊಂಡು ಬೆರಳು ಬಿಡಿಸುತ್ತಾಳೆ, ಒಂದು, ಮತ್ತೊಂದು, ಚಾವಡಿಯ ಆ ಬೆಳಗು, ಬಗ್ಗಿ ನೋಡುವ ತಲೆಗಳು, ಉಗುರಿನ ಗುರುತು, ಕೊನೆಯ ಬೆರಳು.

ಮುಷ್ಟಿಯಲ್ಲಿ ಸೀಸೆ ಇತ್ತು.